ಪಾಲಿಗೆ ಬಂದ ರುಚಿ

ತಿಂಗಳ ಸಾಮಾನು ತರಲು ಹೊರಟ ನಾವು ಕೆಲವೊಮ್ಮೆ ದೊಡ್ಡ ಮಳಿಗೆಯೊಂದಕ್ಕೂ ಕಾಲಿಡುತ್ತೇವೆ. ಒಳಗೆ ತಣ್ಣನೆಯ ಗಾಳಿ, ಬೆಳಕು ಚೆಲ್ಲಿದ ಕಪಾಟುಗಳು, ಹೆಸರು ಓದಲು ನಾಲಿಗೆ ತಡವರಿಸುವ ಡಬ್ಬಿಗಳು. ಬೇಳೆ, ಬೆಲ್ಲ, ಹುಣಸೆಹಣ್ಣಿಗೆ ನಮ್ಮ ಬೀದಿಯ ಅಂಗಡಿಯೇ ಸರಿ; ಅಲ್ಲಿ ಬೆಲೆಯೂ ಹಿತ, ಮಾತೂ ಹಿತ. ಆದರೂ ಅಪರೂಪಕ್ಕೆ ಇಂಥ ಮಳಿಗೆಯಲ್ಲಿ ಒಂದು ಸುತ್ತು ಹಾಕಿ, ಮನೆಗೆ ಹೊಸದಾದ ಒಂದೇ ಒಂದು ತಿನಿಸು ತರುವುದು ಒಳ್ಳೆಯ ಅಭ್ಯಾಸವೆಂದೇ ನನಗನ್ನಿಸುತ್ತದೆ. ಕಣ್ಣಿಗೆ ದೇಶ ಸುತ್ತುವ ಆಸೆಯಿದ್ದ ಹಾಗೆ ನಾಲಿಗೆಗೂ ಇರುತ್ತದೆ. ಅದಕ್ಕೆ ಟಿಕೆಟ್ಟು ಬೇಡ, ಸ್ವಲ್ಪ ಗಮನ ಸಾಕು.

ಬೆಂಗಳೂರಿಗೆ ಇಂಥ ಮಳಿಗೆ ಹೊಸದೇನಲ್ಲ. 1905ರಲ್ಲಿ ನೀಲಗಿರಿ ಬೆಟ್ಟಗಳ ಕಡೆ ಬೆಣ್ಣೆಯ ವ್ಯಾಪಾರವಾಗಿ ಆರಂಭಗೊಂಡ ನೀಲ್‌ಗಿರೀಸ್, 1936ರಲ್ಲಿ ಬ್ರಿಗೇಡ್ ರಸ್ತೆಗೆ ಬಂತು. ಹಿಂದಿನ ತಲೆಮಾರಿನ ಎಷ್ಟೋ ಮಂದಿ ಚೀಸ್ ಎಂಬುದನ್ನು, ಒಳ್ಳೆಯ ಬ್ರೆಡ್ಡನ್ನು ಮೊದಲು ಕಂಡದ್ದು ಅಲ್ಲಿಯೇ. ಈಗ ನಾಮಧಾರೀಸ್ ಫ್ರೆಶ್, ನೇಚರ್ಸ್ ಬಾಸ್ಕೆಟ್‌ನಂಥ ಮಳಿಗೆಗಳಿವೆ. ಕಪಾಟು ಉದ್ದವಾಗಿದೆ, ಆಯ್ಕೆ ಹೆಚ್ಚಾಗಿದೆ. ಹಾಗಾಗಿಯೇ ಯಾವುದನ್ನು ಕೈಗೆತ್ತಿಕೊಳ್ಳಬೇಕು ಎಂಬುದೂ ಸ್ವಲ್ಪ ಕಷ್ಟವಾಗಿದೆ.

ನನ್ನನ್ನು ಕೇಳಿದರೆ ಮೊದಲು ಕಪ್ಪು ಚಾಕೊಲೇಟಿನಿಂದ ಶುರುಮಾಡಿ ಎನ್ನುತ್ತೇನೆ. ಹೊದಿಕೆಯ ಮೇಲೆ ಶೇಕಡಾ 70 ಎಂದಿದ್ದರೆ ಅದರ ತೂಕದಲ್ಲಿ ಅಷ್ಟು ಪಾಲು ಕೊಕ್ಕೊ ಬೀಜದಿಂದಲೇ ಬಂದದ್ದು ಎಂದರ್ಥ; ಉಳಿದದ್ದರಲ್ಲಿ ಹೆಚ್ಚಿನಂಶ ಸಕ್ಕರೆ. ಹಿಂಬದಿಯ ಸಣ್ಣಕ್ಷರಗಳನ್ನು ತಪ್ಪದೆ ಓದಿ. ನಮ್ಮ ದೇಶದ ನಿಯಮದಂತೆ, ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರಬೇಕು. ಸಕ್ಕರೆ ಮೊದಲು ಬಂದು ಆಮೇಲೆ ಸಸ್ಯಜನ್ಯ ಕೊಬ್ಬು ಎಂದಿದ್ದರೆ, ಹೊದಿಕೆ ಎಷ್ಟೇ ಚೆಲುವಾಗಿರಲಿ, ಮೆಲ್ಲಗೆ ಮತ್ತೆ ಕಪಾಟಿನಲ್ಲಿಡಿ. ಕೊಕ್ಕೊ ಬೀಜದಲ್ಲಿ ತನ್ನದೇ ಆದ ಬೆಣ್ಣೆಯಿದೆ. ಅದು ನಮ್ಮ ಮೈಯ ಬಿಸಿಗಿಂತ ತುಸು ಕಡಿಮೆ ಬಿಸಿಗೇ ಕರಗುತ್ತದೆ. ಆದ್ದರಿಂದ ಒಳ್ಳೆಯ ಚಾಕೊಲೇಟನ್ನು ಅಗಿಯುವುದೇ ಬೇಡ. ಸಣ್ಣ ತುಂಡನ್ನು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನಿದ್ದರೆ ತಾನಾಗಿ ಕರಗಿ, ಮೊದಲು ಕಹಿ, ಆಮೇಲೆ ಹಣ್ಣಿನ ಹುಳಿ, ಕೊನೆಗೆ ಸಿಹಿ ಹೀಗೆ ಒಂದೊಂದಾಗಿ ಬರುತ್ತವೆ. ಇನ್ನೊಂದು ಮಾತು: ಕೆಲವು ದಿನ ಇಟ್ಟ ಚಾಕೊಲೇಟಿನ ಮೇಲೆ ಬೂದಿಬಣ್ಣದ ಪೊರೆ ಕಂಡರೆ ಬೂಷ್ಟು ಬಂತೆಂದು ಎಸೆಯಬೇಡಿ. ಕೊಬ್ಬೋ ಸಕ್ಕರೆಯೋ ಮೇಲಕ್ಕೆ ಬಂದಿರುತ್ತದೆ ಅಷ್ಟೆ, ತಿನ್ನಲು ಅಡ್ಡಿಯಿಲ್ಲ.

ಕೊಕ್ಕೊ ನಮಗೆ ದೂರದ ಬೆಳೆಯೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ, ಕಾಂಡಕ್ಕೇ ಅಂಟಿದಂತೆ ಬಿಡುವ ಈ ಕಾಯಿಗಳನ್ನು ಅಲ್ಲಿಯ ಮಕ್ಕಳೆಲ್ಲ ಬಲ್ಲರು. ಹಣ್ಣಾದ ಕಾಯಿಯನ್ನು ಒಡೆದರೆ ಬೀಜಗಳ ಸುತ್ತ ಬಿಳಿ ತಿರುಳು, ಹುಳಿಸಿಹಿ. ಅದನ್ನು ಚೀಪುವುದರಲ್ಲಿ ಮಕ್ಕಳಿಗೂ ಅಳಿಲಿಗೂ ಪೈಪೋಟಿ. ಆದರೆ ಹಸಿ ಬೀಜವನ್ನು ಕಡಿದರೆ ಬರೀ ಕಹಿ, ಒಗರು. ಚಾಕೊಲೇಟಿನ ಸುಳಿವೇ ಇಲ್ಲ. ತಿರುಳು ಸಮೇತ ಬೀಜವನ್ನು ರಾಶಿ ಹಾಕಿ, ಮುಚ್ಚಿ, ಐದಾರು ದಿನ ಹುಳಿಯಲು ಬಿಟ್ಟು, ನಡುನಡುವೆ ಮಗುಚಿ, ಆಮೇಲೆ ಬಿಸಿಲಿಗೆ ಹರವಿ ಒಣಗಿಸಬೇಕು. ಪರಿಮಳದ ಮೂಲವೆಲ್ಲ ಈ ಹುಳಿಯುವಿಕೆಯಲ್ಲಿದೆ. ಮೋಡ ಕವಿದರೆ ರೈತನ ಎದೆ ಹಾರುತ್ತದೆ, ಏಕೆಂದರೆ ಅರೆಬರೆ ಒಣಗಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ.

1980ರ ಆಸುಪಾಸಿನಲ್ಲಿ ಕೊಕ್ಕೊ ಬೆಲೆ ನೆಲಕಚ್ಚಿತು. ಬೆಳೆಯಿರೆಂದು ಹುರಿದುಂಬಿಸಿದ್ದ ಕೊಳ್ಳುಗರು ಹಿಂದೆ ಸರಿದರು, ಗಿಡ ಕಡಿಯುವ ಯೋಚನೆ ತೋಟದಿಂದ ತೋಟಕ್ಕೆ ಹಬ್ಬಿತು. ಆಗ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಘ ಕೊಕ್ಕೊವನ್ನೂ ಕೊಳ್ಳಲು ಮುಂದೆ ಬಂತು. ಕೊಂಡ ಬೀಜಕ್ಕೆ ದಾರಿ ಕಾಣಿಸಲು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ರೈತರು ಕೂಡಿ ಒಂದು ಬೆಳೆಯನ್ನು ಉಳಿಸಿಕೊಂಡ ಈ ಕಥೆ ನನಗೆ ಬಹಳ ಪ್ರಿಯ. ಈಗ ಮೈಸೂರಿನ ನವಿಲುನದಂಥ ಸಣ್ಣ ತಯಾರಕರು ದಕ್ಷಿಣ ಭಾರತದ ಬೀಜವನ್ನು ತಾವೇ ಅರೆದು ಚಾಕೊಲೇಟ್ ಮಾಡುತ್ತಾರೆ. ಅಂಥದೊಂದು ಚಾಕೊಲೇಟಿಗೆ ಬೆಲೆ ಹೆಚ್ಚೇ. ಆದರೆ ತಿನ್ನುವಾಗ ಆ ತೋಟದ ನೆರಳು ನೆನಪಾದರೆ, ಕೊಟ್ಟ ದುಡ್ಡು ಎಲ್ಲಿ ಹೋಯಿತೆಂಬ ಪ್ರಶ್ನೆ ಕಾಡುವುದಿಲ್ಲ.

ಚೀಸ್‌ಗಳ ಕಡೆ ಹೋದಾಗ ಬುರಾಟಾ ಎಂಬುದನ್ನು ಹುಡುಕಿ. ಇಟಲಿಯ ದಕ್ಷಿಣಕ್ಕಿರುವ ಪುಲಿಯಾ ಪ್ರಾಂತ್ಯದ್ದು. ಬಿಸಿನೀರಿನಲ್ಲಿ ಎಳೆದೆಳೆದು ನಯಗೊಳಿಸಿದ ಚೀಸನ್ನು ಚೀಲದಂತೆ ಮಾಡಿ, ಒಳಗೆ ಅದೇ ಚೀಸಿನ ಎಳೆಗಳನ್ನು ಕೆನೆಯಲ್ಲಿ ಕಲಸಿ ತುಂಬಿ, ಬಾಯಿ ಕಟ್ಟಿರುತ್ತಾರೆ. ಹೂರಣ ತುಂಬಿದ ಕಡುಬಿನ ಹಾಗೆ, ಒಡೆದಾಗಲೇ ಅದರ ಗುಟ್ಟು ತಿಳಿಯುವುದು. ಹುಳಿಯಿರುವ ನಾಟಿ ಟೊಮೆಟೊ ಹೆಚ್ಚಿ, ಉಪ್ಪು, ಕರಿಮೆಣಸಿನ ಪುಡಿ ಉದುರಿಸಿ, ನಡುವೆ ಇದನ್ನಿಟ್ಟು ಒಡೆದರೆ ಊಟಕ್ಕೆ ಮುಂಚೆ ನಾಲ್ಕು ಜನರಿಗೆ ಸಾಕು. ತಿನ್ನುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಿಂದ ಹೊರಗಿಡಬೇಕು, ತಣ್ಣಗಿದ್ದರೆ ರುಚಿ ಮೂಕವಾಗುತ್ತದೆ. ತಂದ ಒಂದೆರಡು ದಿನದಲ್ಲಿ ಮುಗಿಸಲೂ ಬೇಕು. ಇದರ ಹತ್ತಿರದ ನೆಂಟ ಮೊಝರೆಲ್ಲಾವನ್ನು ಬೆಂಗಳೂರಿನಲ್ಲಿಯೇ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ತಮ್ಮ ಮಠದಲ್ಲಿ ಮಾಡಿ ವಲ್ಲೊಂಬ್ರೋಸಾ ಎಂಬ ಹೆಸರಿನಲ್ಲಿ ಮಾರಿದ್ದಾರೆ ಎಂಬುದು ನಮ್ಮ ಊರಿನ ಚೆಂದದ ಸಂಗತಿಗಳಲ್ಲೊಂದು. ಸಸ್ಯಾಹಾರಿಗಳ ಮನೆಯಲ್ಲಿ ಒಂದು ಎಚ್ಚರ ಇರಲಿ: ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುವ ಸಂಪ್ರದಾಯ ಯುರೋಪಿನ ಹಲವು ಚೀಸುಗಳಲ್ಲಿದೆ, ಇಟಲಿಯ ಪ್ರಸಿದ್ಧ ಪಾರ್ಮಿಜಾನೊ ರೆಜ್ಜಾನೊಗೆ ಅದು ಕಡ್ಡಾಯವೇ. ಸೂಕ್ಷ್ಮಾಣುಗಳಿಂದ ಪಡೆದ ಹೆಪ್ಪಿನಲ್ಲಿ ಮಾಡಿದ ಚೀಸುಗಳೂ ಧಾರಾಳವಾಗಿ ಸಿಗುತ್ತವೆ. ಹಸಿರು ಚುಕ್ಕೆ ನೋಡಿ ಕೊಂಡರೆ, ಹಿರಿಯರು ಮನಸ್ಸಿನಲ್ಲಿ ಅಳುಕಿಲ್ಲದೆ ತಿಂದಾರು.

ಇಷ್ಟೆಲ್ಲ ಬೇಡ, ಸರಳವಾದದ್ದು ಹೇಳಿ ಎನ್ನುವವರಿಗೆ ಮೆಡ್ಜೂಲ್ ಖರ್ಜೂರವಿದೆ. ಹೆಬ್ಬೆರಳಿಗಿಂತ ದಪ್ಪ, ಮುಟ್ಟಿದರೆ ಮೆತ್ತಗೆ, ಒಳಗೆ ಕಾಯಿಸಿದ ಬೆಲ್ಲದ ಪಾಕದ ಸವಿ. ಮೊರಾಕೊ ಇದರ ತವರು. ಅಲ್ಲಿಯ ಮರಗಳಿಗೆ ಶಿಲೀಂಧ್ರದ ರೋಗ ತಗುಲಿ ತೋಪುಗಳು ಒಣಗುತ್ತಿದ್ದ ಕಾಲದಲ್ಲಿ, 1927ರಲ್ಲಿ, ವಾಲ್ಟರ್ ಸ್ವಿಂಗಲ್ ಎಂಬ ಅಮೆರಿಕದ ಸಸ್ಯವಿಜ್ಞಾನಿ 11 ಕಂದುಗಳನ್ನು ಜತನದಿಂದ ಒಯ್ದರು. ರೋಗ ಹರಡದಿರಲೆಂದು ನೆವಾಡದ ಮರುಭೂಮಿಯಲ್ಲಿ ಪ್ರತ್ಯೇಕವಾಗಿ ಬೆಳೆಸಿದಾಗ ಬದುಕಿದವು ಒಂಬತ್ತು. ಕ್ಯಾಲಿಫೋರ್ನಿಯಾದ ಮೆಡ್ಜೂಲ್ ತೋಪುಗಳ ವಂಶ ಬೆಳೆದದ್ದು ಆ ಒಂಬತ್ತರಿಂದ. ಒಂದು ಒಳ್ಳೆಯ ಹಣ್ಣು ಲೋಕದಲ್ಲಿ ಉಳಿಯಬೇಕಾದರೆ ಯಾರೋ ಒಬ್ಬರು ಕಷ್ಟಪಟ್ಟು ಅದನ್ನು ಬೇರೊಂದು ನೆಲಕ್ಕೆ ಮುಟ್ಟಿಸಬೇಕಾಗುತ್ತದೆ. ಬೀಜ ತೆಗೆದು ಒಂದು ಬಾದಾಮಿ ಇಟ್ಟು ಕೊಡಿ, ಮಕ್ಕಳು ಮಿಠಾಯಿ ಕೇಳುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ಬೇಡ.

ಬೆಣ್ಣೆಹಣ್ಣಿನ ವಿಷಯವನ್ನೂ ಹೇಳಿಬಿಡಬೇಕು. ಮಳಿಗೆಯಲ್ಲಿ ಆವಕಾಡೊ ಎಂಬ ಚೀಟಿ ಅಂಟಿಸಿಕೊಂಡು, ಪರದೇಶದಿಂದ ಬಂದ ಪುಟ್ಟ ಕರಿಹಣ್ಣುಗಳು ತಲೆದಿಂಬಿನಂಥ ಹಾಸಿನ ಮೇಲೆ ಕೂತಿರುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಬೆಳೆಯುವ ನಮ್ಮ ಬೆಣ್ಣೆಹಣ್ಣು ಅದೇ ಜಾತಿಯದು. ಗಾತ್ರದಲ್ಲಿ ದೊಡ್ಡದು, ಸಿಪ್ಪೆ ಹಸಿರು, ತಿರುಳಿನಲ್ಲಿ ನೀರಿನಂಶ ತುಸು ಹೆಚ್ಚು. ಹಾಲು, ಸಕ್ಕರೆ ಹಾಕಿ ಕಡೆಯಲು ನಮ್ಮದೇ ಉತ್ತಮ. ಉಪ್ಪು, ನಿಂಬೆರಸ, ಹಸಿಮೆಣಸು ಹಾಕಿ ಚಪಾತಿಗೆ ಹಚ್ಚಿಕೊಳ್ಳಲು ಆ ಕರಿಹಣ್ಣು ಗಟ್ಟಿ. ಎರಡನ್ನೂ ತಿಂದು ನೋಡಿ ತೀರ್ಮಾನಿಸಬೇಕೇ ಹೊರತು ಬೆಲೆ ನೋಡಿ ಅಲ್ಲ.

ಇಂಥ ತಿನಿಸುಗಳು ಮನೆಗೆ ಬಂದ ಮೇಲೆ ಏನಾಗುತ್ತದೆ ಎಂಬುದು ನಾವೆಲ್ಲ ಯೋಚಿಸಬೇಕಾದ ವಿಷಯ. ದುಬಾರಿಯಾದದ್ದನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿ ಬಚ್ಚಿಡುವುದು, ಯಾರಾದರೂ ವಿಶೇಷದವರು ಬಂದಾಗ ತೆಗೆಯೋಣವೆಂದು ಕಾಯುವುದು, ಕಾದು ಕಾದು ದಿನಾಂಕ ಮುಗಿಯುವ ಹೊತ್ತಿಗೆ ಪಾತ್ರೆ ತೊಳೆಯಲು ಬರುವ ಅಮ್ಮನ ಕೈಗೆ ಕೊಟ್ಟು ಹಗುರಾಗುವುದು ಅನೇಕ ಮನೆಗಳಲ್ಲಿ ನಡೆಯುತ್ತದೆ. ಅದರಲ್ಲಿ ಕೆಟ್ಟ ಬುದ್ಧಿಯಿರುವುದಿಲ್ಲ. ಆದರೆ ಕೊಟ್ಟಂತೆಯೂ ಆಗುವುದಿಲ್ಲ, ತಿಂದಂತೆಯೂ ಆಗುವುದಿಲ್ಲ.

ಮಹಾಭಾರತದ ಉದ್ಯೋಗಪರ್ವದಲ್ಲಿ, ನಿದ್ದೆ ಬಾರದೆ ಹೊರಳಾಡುತ್ತಿದ್ದ ಧೃತರಾಷ್ಟ್ರ ರಾತ್ರಿಯಲ್ಲಿ ವಿದುರನನ್ನು ಕರೆಸಿಕೊಳ್ಳುತ್ತಾನೆ. ಆಗ ವಿದುರ ಹೇಳುವ ನೀತಿಗಳಲ್ಲಿ ರುಚಿಯಾದದ್ದನ್ನು ಒಬ್ಬನೇ ಉಣ್ಣಬಾರದೆಂಬುದೂ ಒಂದು. ನನಗೆ ಸೋಜಿಗವೆನಿಸುವುದು ಅದರ ಅಕ್ಕಪಕ್ಕ ಇರುವ ಮಾತುಗಳು. ಮುಖ್ಯವಾದ ಕೆಲಸವನ್ನು ಒಬ್ಬನೇ ಆಲೋಚಿಸಬಾರದು, ಒಬ್ಬನೇ ದಾರಿ ನಡೆಯಬಾರದು, ಎಲ್ಲರೂ ಮಲಗಿರುವಾಗ ಒಬ್ಬನೇ ಎಚ್ಚರವಿರಬಾರದು ಎಂಬವುಗಳ ಸಾಲಿನಲ್ಲಿ ವಿದುರ ಇದನ್ನಿಟ್ಟಿದ್ದಾನೆ. ದಾನದ ಪುಣ್ಯ ಎಂದು ಹೇಳುತ್ತಿಲ್ಲ. ಬಾಳುವೆಯ ಮುನ್ನೆಚ್ಚರಿಕೆ ಎನ್ನುವಂತೆ ಹೇಳುತ್ತಿದ್ದಾನೆ. ದಾರಿಗೆ ಜೊತೆ ಬೇಕಾದಂತೆ ರುಚಿಗೂ ಜೊತೆ ಬೇಕು. ಇಲ್ಲವಾದರೆ ಅದು ಕೆಡುವುದು ನಮ್ಮೊಳಗೇ.

ಇದನ್ನು ಆಚರಣೆಗೆ ತರುವುದು ಸುಲಭ. ಎಲ್ಲರೂ ಮನೆಯಲ್ಲಿರುವ ದಿನ ನೋಡಿಕೊಂಡು ತನ್ನಿ. ಸ್ವಲ್ಪವೇ ತನ್ನಿ, ಚೀಸನ್ನು ನೂರು ಗ್ರಾಂ ಕತ್ತರಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚವೇಕೆ? ಹಲವು ಕಡೆ ಕೌಂಟರಿನಲ್ಲಿರುವ ಹುಡುಗ ಹುಡುಗಿಯರು ಕೇಳಿದರೆ ರುಚಿ ನೋಡಲು ಚೂರು ಕೊಡುತ್ತಾರೆ, ಯಾವುದು ಇವತ್ತು ಚೆನ್ನಾಗಿದೆ ಎಂದೂ ಹೇಳುತ್ತಾರೆ. ಮನೆಗೆ ಬಂದು ತೆರೆದ ಕೂಡಲೇ, ಮೊದಲ ಸಲಕ್ಕೇ, ಅವತ್ತು ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಪಾಲು ಮಾಡಿ ತಟ್ಟೆಯಲ್ಲಿಡಿ. ಆ ಲೆಕ್ಕದಲ್ಲಿ ಪಾತ್ರೆ ತೊಳೆಯುವ ಅಮ್ಮನೂ ಇರಲಿ, ನಲ್ಲಿ ರಿಪೇರಿಗೆ ಬಂದ ಅಣ್ಣನೂ ಇರಲಿ, ಗೇಟಿನ ಬಳಿಯ ವಾಚ್‌ಮನ್ನರೂ ಇರಲಿ. ಉಳಿದದ್ದರಲ್ಲಿ ಕೊಡುವುದು ಬೇರೆ, ಮೊದಲ ಪಾಲಿನಲ್ಲಿ ಸೇರಿಸಿಕೊಳ್ಳುವುದು ಬೇರೆ. ಆ ಮಳಿಗೆಯ ಗಾಜಿನ ಬಾಗಿಲನ್ನು ದಿನವೂ ಹೊರಗಿನಿಂದಲೇ ನೋಡುತ್ತ ಹೋಗುವವರು ಅವರು. ಒಳಗಿರುವುದರ ರುಚಿ ಏನೆಂದು ತಿಳಿಯುವ ಕುತೂಹಲ ಅವರಿಗೂ ನಮ್ಮಷ್ಟೇ ಇರುತ್ತದೆ.

ತಿಂದ ಮೇಲೆ ಹೇಗಿದೆ ಎಂದು ಕೇಳಿ. ಕೇಳಿದ ಮೇಲೆ ಉತ್ತರವನ್ನು ಗೌರವಿಸಿ. ಶೇಕಡಾ 70ರ ಚಾಕೊಲೇಟ್ ಬಾಯಿಗಿಟ್ಟು, "ಯಾಕಕ್ಕ, ಇಷ್ಟು ಕಹಿ? ಸಕ್ಕರೆ ಹಾಕೋದು ಮರೆತವ್ರಾ?" ಎಂದು ಪಾತ್ರೆ ತೊಳೆಯುವ ಅಮ್ಮ ಮುಖ ಕಿವುಚಿದರೆ ಅದೂ ಸರಿಯೇ, ಅಜ್ಜಿ "ಇನ್ನೊಂದು ಚೂರು ಕೊಡು" ಎಂದರೆ ಅದೂ ಸರಿಯೇ. ಮುಂದಿನ ತಿಂಗಳು ಚಾಕೊಲೇಟೋ ಖರ್ಜೂರವೋ ಎಂಬುದನ್ನು ಆ ತಟ್ಟೆಯ ಸುತ್ತ ಇದ್ದವರೇ ತೀರ್ಮಾನಿಸಲಿ.