ಉಂಡವರ ನಗು

ಊಟದ ಬಗ್ಗೆ ನಕ್ಕರೆ ಅನ್ನವನ್ನು ಹಳಿದಂತಾಗುತ್ತದೆಯೇ? ಈ ಪ್ರಶ್ನೆ ನನ್ನ ಬೆನ್ನು ಹತ್ತಿದ್ದು ಒಂದು ಕನ್ನಡ ಪಾಡ್‌ಕಾಸ್ಟಿನಿಂದ. ನಡೆಸುವವರು ಇಬ್ಬರು ಹುಡುಗರು. ಒಬ್ಬ ಮಂಡ್ಯ ಕಡೆಯವನು, ಇನ್ನೊಬ್ಬ ಕಲಬುರಗಿಯವನು. ಕೆಟ್ಟ ಊಟ ಮತ್ತು ಊರೂರಿನ ಉಣ್ಣುವ ರೀತಿ, ಇವೆರಡೇ ಅವರ ಬಂಡವಾಳ. ಮದುವೆಮನೆಯಲ್ಲಿ ಮೂರನೇ ಪಂಕ್ತಿಯ ಹೊತ್ತಿಗೆ ಸಾರು ತೆಳ್ಳಗಾಗುತ್ತ ಹೋಗುವುದು, ಮುದ್ದೆಯನ್ನು ನುಂಗದೆ ಅಗಿಯಲು ಹೊರಟ ಕಲಬುರಗಿಯವನ ಪಾಡು, ಬೆಂಗಳೂರಿನ ಹೋಟೆಲಿನಲ್ಲಿ ಬೆಲ್ಲ ಹಾಕಿದ ಸಾಂಬಾರ್ ಉಂಡು ಅವನು ಸಪ್ಲೈಯರನ್ನು ಕರೆದು "ಇದು ಪಾಯಸೇನ್ರೀ?" ಎಂದು ಕೇಳಿದ್ದು. ಮೆಂತ್ಯ ಸೊಪ್ಪು ಬಿಡಿಸುತ್ತ ಕೇಳುವ ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬರುತ್ತದೆ. ನಗು ನಿಂತ ಮೇಲೆ ಅಪ್ಪ ನೆನಪಾಗುತ್ತಾರೆ.

ಅಪ್ಪ ಶಿರಸಿ ಸೀಮೆಯ ಅಡಿಕೆ ತೋಟದವರು. ಎಲೆಯ ಸುತ್ತ ನೀರು ಕಟ್ಟಿ, ಪಕ್ಕದಲ್ಲಿ ನಾಲ್ಕು ಅಗುಳು ಇಟ್ಟು ಉಣ್ಣಲು ತೊಡಗಿದರೆಂದರೆ ಅಡುಗೆಯ ಬಗ್ಗೆ ಒಂದು ಮಾತಿಲ್ಲ. ಉಪ್ಪು ಹೆಚ್ಚಾದರೆ ಮಜ್ಜಿಗೆ ಕೇಳುತ್ತಿದ್ದರು, ಅಷ್ಟೆ. ಹಾಗಲಕಾಯಿ ಗೊಜ್ಜಿಗೆ ನಾನು ಮುಖ ಸಿಂಡರಿಸಿದರೆ, "ಅನ್ನಕ್ಕೆ ಹೆಸರಿಡ್ಲಾಗ ಕೂಸೆ" ಎನ್ನುತ್ತಿದ್ದರು. ಅದು ಅವರ ಮನೆಯ ನೇಮವಷ್ಟೇ ಅಲ್ಲ, ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಅನ್ನವನ್ನು ನಿಂದಿಸದಿರುವುದನ್ನು ವ್ರತವೆಂದೇ ಹೇಳುತ್ತದೆ ಎಂಬುದು ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಭೃಗು ತನ್ನ ತಂದೆ ವರುಣನ ಬಳಿ ಬ್ರಹ್ಮವೆಂದರೇನೆಂದು ಕೇಳಿ, ತಪಸ್ಸು ಮಾಡಿ, ಮೊದಲು ಅನ್ನವೇ ಬ್ರಹ್ಮವೆಂದು ಕಂಡುಕೊಳ್ಳುತ್ತಾನೆ. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನ ದಾಟಿ ಆನಂದವನ್ನು ಮುಟ್ಟುತ್ತಾನೆ. ಆನಂದ ಸಿಕ್ಕ ಮೇಲೆ ಕಥೆ ಮುಗಿಯಬೇಕಿತ್ತು. ಉಪನಿಷತ್ತು ಮಾತ್ರ ಮತ್ತೆ ಅನ್ನಕ್ಕೇ ಬಂದು ಈ ವ್ರತಗಳನ್ನು ಹೇಳುತ್ತದೆ. ಹಾಗಾದರೆ ನನ್ನ ನಗು ವ್ರತಭಂಗವೇ?

ಓದಲು ಧಾರವಾಡಕ್ಕೆ ಬಂದಾಗ ಹಾಸ್ಟೆಲಿನಲ್ಲಿ ಬೆಳಗಿನ ಉಪ್ಪಿಟ್ಟಿಗೆ ಕಾಂಕ್ರೀಟ್ ಎಂದು ಹೆಸರು. ಕರ್ನಾಟಕದ ಬೇರೆ ಹಾಸ್ಟೆಲುಗಳಲ್ಲೂ ಅದಕ್ಕೆ ಅದೇ ಹೆಸರಿದೆಯೆಂದು ಆಮೇಲೆ ಗೊತ್ತಾಯಿತು. ಅದು ಹಾಗಾಗುವುದಕ್ಕೆ ಕಾರಣವೂ ಇದೆ. ನೂರಾರು ಮಂದಿಗೆ ಮಾಡುವಾಗ ರವೆಯನ್ನು ಹದವಾಗಿ ಹುರಿಯಲು ಪುರಸೊತ್ತಿರುವುದಿಲ್ಲ, ಎಣ್ಣೆಯನ್ನು ಅಳೆದು ಕೊಟ್ಟಿರುತ್ತಾರೆ. ಬೆಂದ ರವೆಯ ಪಿಷ್ಟ ಆರಿದಂತೆಲ್ಲ ಬಿಗಿಯುತ್ತದೆ. ಬೆಳಕು ಹರಿಯುವ ಮೊದಲೇ ಕೊಪ್ಪರಿಗೆಯಲ್ಲಿ ಬೆಂದದ್ದು ಎಂಟು ಗಂಟೆಗೆ ತಟ್ಟೆಗೆ ಬಿದ್ದರೆ ಅಚ್ಚು ಹಾಕಿದಂತೆಯೇ ನಿಲ್ಲುತ್ತದೆ. ನಾವು ನಗುತ್ತಿದ್ದೆವು, ನಗುತ್ತ ಅದನ್ನೇ ಉಣ್ಣುತ್ತಿದ್ದೆವು. ಬೀದರಿನವಳು, ಹೊನ್ನಾವರದವಳು, ಚಿತ್ರದುರ್ಗದವಳು, ಯಾರ ಮಾತೂ ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗದಿದ್ದ ಮೊದಲ ತಿಂಗಳಲ್ಲಿ ನಮ್ಮನ್ನು ಹತ್ತಿರ ತಂದದ್ದು ಆ ಉಪ್ಪಿಟ್ಟು. ಆ ನಗುವನ್ನು ಪಾಪವೆನ್ನಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ.

ಮುಂದೆ ವಿಜಯಪುರ ಜಿಲ್ಲೆಯ ಮನೆಗೆ ಸೊಸೆಯಾಗಿ ಹೋದೆ. ಬೇರೆ ಜಾತಿ, ಬೇರೆ ಸೀಮೆ. ಅಲ್ಲಿ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎಣ್ಣೆಗಾಯಿ. ನಾನು ಒಂದು ದಿನ ಮಾವಿನಕಾಯಿ ಬೇಯಿಸಿ ಕಿವುಚಿ, ಇಂಗು ಒಣಮೆಣಸಿನ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿದೆ. ತಿಳಿನೀರಿನಂತಿದ್ದ ಅದನ್ನು ಅತ್ತೆ ಸೌಟಿನಿಂದ ಎತ್ತಿ ಎತ್ತಿ ಸುರಿದು ನೋಡಿದರು. "ಇದೇನವಾ ಇದು, ಸಾರೋ, ಕೈ ತೊಳಿಯೂ ನೀರೋ? ನಿಮ್ಮ ಮಂದಿ ಕುಡಿಯೂದಕ್ಕ ಊಟ ಅಂತಾರೇನು?" ಮನೆಯವರೆಲ್ಲ ನಕ್ಕರು. ಉಂಡಾದ ಮೇಲೆ ಅದೇ ಅತ್ತೆ, "ಇನ್ನೊಂದು ವಾಟಿ ಹಾಕು" ಎಂದರು. ಬೇಸಿಗೆ ಮುಗಿಯುವವರೆಗೂ ಕೇಳಿ ಮಾಡಿಸಿಕೊಂಡರು, ಪ್ರತಿ ಸಲವೂ ಆಡಿಕೊಂಡೇ ಉಂಡರು.

ನಮ್ಮ ಮದುವೆಗೆ ನನ್ನ ತವರಿನ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅಡುಗೆಯ ಬಗ್ಗೆ ಅವರು ಒಂದು ಕೆಟ್ಟ ಮಾತೂ ಆಡಲಿಲ್ಲ. "ಇಂದು ಉಪವಾಸ" ಎಂದು ಕೈಮುಗಿದು ನೀರನ್ನೂ ಮುಟ್ಟದೆ ಹೊರಟರು. ಅಂದು ಏಕಾದಶಿಯಲ್ಲ, ಯಾವ ವ್ರತದ ದಿನವೂ ಅಲ್ಲ. ಬಡಿಸಲು ನಿಂತಿದ್ದ ಮಾವನವರ ಕೈಯಲ್ಲಿ ಹೋಳಿಗೆಯ ತಟ್ಟೆ ಹಾಗೇ ಉಳಿಯಿತು. ಅಕ್ಷರಕ್ಕೆ ಅಕ್ಷರ ನೋಡಿದರೆ ಆ ಹಿರಿಯರು ಅನ್ನವನ್ನು ನಿಂದಿಸದ ವ್ರತ ಪಾಲಿಸಿದರು, ನನ್ನ ಅತ್ತೆ ಮುರಿದರು. ನಾನು ಇದನ್ನು ಒಪ್ಪುವುದಿಲ್ಲ, ಉಪನಿಷತ್ತೂ ಒಪ್ಪುವುದಿಲ್ಲವೆಂದೇ ನನ್ನ ನಂಬಿಕೆ. ಆ ವ್ರತಗಳು ಬರುವ ಕ್ರಮವನ್ನು ನೋಡಿ. ಅನ್ನವನ್ನು ನಿಂದಿಸಬೇಡ, ಅನ್ನವನ್ನು ತಿರಸ್ಕರಿಸಬೇಡ, ಅನ್ನವನ್ನು ಹೇರಳವಾಗಿ ಮಾಡು, ಆಶ್ರಯ ಬೇಡಿ ಬಂದ ಯಾರನ್ನೂ ಮನೆಯಿಂದ ಕಳಿಸಬೇಡ. ಅನ್ನದಿಂದ ಹೊರಟ ಮಾತು ಹೊಸ್ತಿಲಲ್ಲಿ ನಿಂತ ಮನುಷ್ಯನನ್ನು ತಲುಪಿ ನಿಲ್ಲುತ್ತದೆ. ಮೊದಲನೆಯದನ್ನು ಕೊನೆಯದರಿಂದ ಕಿತ್ತು ಓದಿದರೆ ಅದು ಬರಿಯ ನಾಲಿಗೆಯ ಶಿಸ್ತಾಗಿ ಉಳಿಯುತ್ತದೆ.

ಅನ್ನದ ನಿಂದೆ ಉಣ್ಣುವವರಿಗೇ ತಾಗುತ್ತದೆ ಎಂಬುದನ್ನು ನಮ್ಮ ಭಾಷೆಯಲ್ಲಿ ಕನಕದಾಸರಷ್ಟು ಸ್ಪಷ್ಟವಾಗಿ ಕಂಡವರು ಇಲ್ಲ. ಅವರ ರಾಮಧಾನ್ಯ ಚರಿತೆಯಲ್ಲಿ ಭತ್ತವಾದ ವ್ರೀಹಿಗ, ರಾಗಿಯಾದ ನರೆದಲೆಗನನ್ನು ಹೀಗಳೆಯುತ್ತಾನೆ. ಆ ಹೀಗಳಿಕೆಯಲ್ಲಿ ರುಚಿಯ ಮಾತಿಗಿಂತ ಅದನ್ನು ಉಣ್ಣುವವರ ಕುಲದ ಮಾತೇ ದೊಡ್ಡದು. ರಾಗಿ ತಿರುಗಿ ಕೇಳುತ್ತದೆ, ಬರಗಾಲದಲ್ಲಿ ಬಡವರನ್ನು ಕಾಯುವವರು ಯಾರು ಎಂದು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಹೊರಗೆ ತೆಗೆದಾಗ ಭತ್ತ ಕಂಗೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಬೀಳದೆ ಉಳಿಯುವ ಕಾಳನ್ನು ಬಲ್ಲ ಕವಿಯೇ ಇಂಥ ತೀರ್ಪನ್ನು ಬರೆಯಬಲ್ಲ.

ಉಣ್ಣದಿರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪೈಗಂಬರರು ಯಾವ ಊಟಕ್ಕೂ ಕೊಂಕು ನುಡಿದವರಲ್ಲ, ಬೇಕೆನಿಸಿದರೆ ಉಂಡರು, ಬೇಡವೆನಿಸಿದರೆ ಸುಮ್ಮನೆ ಬಿಟ್ಟರು ಎಂದು ಹದೀಸ್ ಹೇಳುತ್ತದೆ. ಅಂಥ ಬಿಡುವಿಕೆಗೆ ಗೌರವವಿದೆ. ನಾನು ಮೊಟ್ಟೆ ತಿಂದವಳಲ್ಲ, ಇನ್ನು ತಿನ್ನುವವಳೂ ಅಲ್ಲ. ಆದರೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ನಮ್ಮ ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುವಾದಾಗ ಎದ್ದ ವಿರೋಧ ನನ್ನನ್ನು ಕಂಗೆಡಿಸಿತು. ಮೊಟ್ಟೆ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಪಂಕ್ತಿಯಲ್ಲಿ ಮಕ್ಕಳ ನಡುವೆ ಭೇದ ಹುಟ್ಟುತ್ತದೆ ಎಂದು ಕೆಲವು ಮಠಾಧೀಶರು ಹೇಳಿದರು. ಅವರ ಆತಂಕವನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೂ ಪಕ್ಕದ ತಟ್ಟೆಯಲ್ಲಿ ಬೇರೆಯದು ಇದ್ದರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವುದನ್ನು ಕಲಿಯಲು ಶಾಲೆಗಿಂತ ಒಳ್ಳೆಯ ಜಾಗ ಯಾವುದಿದೆ? ರಕ್ತಹೀನತೆಯಿಂದ ಬಳಲುವ ಮಗುವಿನ ಕೈಯಲ್ಲಿರುವ ಮೊಟ್ಟೆಯನ್ನು ಅಶುದ್ಧವೆನ್ನುವುದು ಅನ್ನನಿಂದೆಯೇ.

ಪಾಡ್‌ಕಾಸ್ಟಿನ ಆ ಹುಡುಗರ ವಿಷಯದಲ್ಲಿ ನನ್ನ ತಕರಾರು ಒಂದೇ. ಒಂದು ಕಂತಿನಲ್ಲಿ ಅವರು ಯಲ್ಲಾಪುರ, ಜೋಯಿಡಾ ಕಡೆಯ ಕೆಂಪಿರುವೆ ಚಟ್ನಿಯನ್ನು ಹಿಡಿದುಕೊಂಡು ಬಹಳ ಹೊತ್ತು ನಕ್ಕರು. ಇಬ್ಬರೂ ಅದನ್ನು ತಿಂದವರಲ್ಲ, ಆ ಕಾಡಿನಂಚಿನ ಮನೆಗಳನ್ನು ಕಂಡವರೂ ಅಲ್ಲ. ನನಗೆ ಅಂದು ನಗು ಬರಲಿಲ್ಲ. ಕೂತು ಅವರಿಗೆ ಪತ್ರ ಬರೆದೆ. ನಿಮ್ಮ ಸಾಂಬಾರು, ಮುದ್ದೆ, ಮದುವೆಯ ಸಾರು ನೀವು ಉಂಡು ಆಡಿಕೊಂಡದ್ದು, ಅದಕ್ಕೇ ಅವು ನನಗೆ ಅಷ್ಟು ಇಷ್ಟ. ಜೋಯಿಡಾಕ್ಕೂ ಒಮ್ಮೆ ಹೋಗಿ. ಯಾರಾದರೂ ಒಳಗೆ ಕರೆದು ಮಣೆ ಹಾಕುತ್ತಾರೆ. ಅವರು ಬಡಿಸಿದ್ದನ್ನು ಉಣ್ಣಿರಿ, ಹಿಡಿಸದಿದ್ದರೆ ಬಿಡಿ, ಆಮೇಲೆ ಆ ಮನೆಯವರೂ ಕೇಳಿ ನಗುವಂಥ ಕಂತನ್ನು ಮಾಡಿ.