ಬಿಡಿಸಿಟ್ಟ ಲೆಕ್ಕದ ಋಣ

"ಮಾಮು, ಬಿಡಿಸಿಟ್ಟ ಲೆಕ್ಕ ನೋಡಿ ಕಲಿಯೋದು ಕಳ್ಳತನ ಆಗ್ತದೇನು?"

ಗಂಗಾವತಿಯಲ್ಲಿರುವ ನಮ್ಮ ಅಕ್ಕನ ಮಗಳು ಕೇಳಿದ ಪ್ರಶ್ನೆ ಇದು. ಆಕೆ ಡಿಗ್ರಿ ಓದುತ್ತಿದ್ದಾಳೆ. ರಸಾಯನಶಾಸ್ತ್ರ ಮುಖ್ಯ ವಿಷಯ, ಜೊತೆಗೆ ಸಂಖ್ಯಾಶಾಸ್ತ್ರದ್ದೊಂದು ಪೇಪರ್. ಅವಳ ಮುಂದೆ ಝೆರಾಕ್ಸ್ ಅಂಗಡಿಯಿಂದ ತಂದ ದಪ್ಪನೆಯ ಕಟ್ಟೊಂದಿತ್ತು. ಪಠ್ಯಪುಸ್ತಕದಲ್ಲಿ ಪ್ರತಿ ಅಧ್ಯಾಯದ ಕೊನೆಗೆ ಬರುವ ಲೆಕ್ಕಗಳನ್ನೆಲ್ಲ ಯಾರೋ ಹಂತಹಂತವಾಗಿ ಬಿಡಿಸಿ ಬರೆದಿಟ್ಟ ಉತ್ತರಗಳವು. ತರಗತಿಯಲ್ಲಿ ಮೇಷ್ಟ್ರೊಬ್ಬರು ಅದನ್ನು ಕಂಡು "ಇದು ಕಳ್ಳಮಾಲು" ಎಂದುಬಿಟ್ಟಿದ್ದರಂತೆ. ಆ ಮಾತು ಹುಡುಗಿಗೆ ನಾಟಿತ್ತು. ಹಲಾಲು ಹರಾಮಿನ ವಿಚಾರ ಅವಳ ಪಾಲಿಗೆ ಊಟದ ತಟ್ಟೆಗಷ್ಟೇ ಸೀಮಿತವಾದದ್ದಲ್ಲ.

ಕಥೆ ಬರೆಯುವ ನಮಗೆ ಲೆಕ್ಕದ ಉಸಾಬರಿ ಕಡಿಮೆ. ಆದರೆ ಅವಳು ಕೇಳಿದ್ದು ಲೆಕ್ಕದ ಪ್ರಶ್ನೆಯಾಗಿರಲಿಲ್ಲ. ಒಬ್ಬರು ಪಟ್ಟ ಶ್ರಮವನ್ನು ಇನ್ನೊಬ್ಬರು ಕಲಿಕೆಗೆ ಬಳಸಿಕೊಂಡಾಗ ಅದು ಎಲ್ಲಿಯವರೆಗೆ ಕಲಿಕೆ, ಎಲ್ಲಿಂದಾಚೆ ಮೋಸ ಎಂಬುದು ಪ್ರಶ್ನೆ. ಅವಸರದಲ್ಲಿ ಹೌದು, ಅಲ್ಲ ಎಂದುಬಿಡುವುದು ಸರಿಯೆನಿಸಲಿಲ್ಲ.

ಮೊದಲು ಈ ಪ್ರಶ್ನೆ ಯಾರ ಮನೆಯಿಂದ ಬಂತು ಎಂಬುದನ್ನು ನೋಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳಿಗೆ ಬೆಳಗಿನ ಬಸ್ಸುಗಳಲ್ಲಿ ನಿಂತುಕೊಂಡೇ ಬರುವ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ, ಪಿಯುಸಿಗೆ ಬಂದ ಕೂಡಲೇ ಇಂಗ್ಲಿಷ್ ಪುಸ್ತಕ ಹಿಡಿದವರು. ಸಂವಿಧಾನದ 371(ಜೆ) ಕಲಮು ಬಂದ ಮೇಲೆ, ಅಂದರೆ 2013ರಿಂದೀಚೆಗೆ, ಈ ಭಾಗದ ಮಕ್ಕಳಿಗೆ ದೂರದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಸೀಟು ಸಿಗುತ್ತಿದೆ. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದುತ್ತಿರುವುದು ಹಾಗೆ ಸಿಕ್ಕ ಸೀಟಿನಿಂದಲೇ. ಕಾನೂನು ಬಾಗಿಲು ತೆರೆದುಕೊಟ್ಟಿತು. ಒಳಗೆ ಹೋದ ಮೇಲೆ ಕೈಹಿಡಿದು ನಡೆಸುವವರು ಯಾರು ಎಂಬುದನ್ನು ಕಾನೂನು ಹೇಳಲಾರದು.

ಪ್ರೊಫೆಸರರ ಮಗನಿಗೆ ಲೆಕ್ಕ ತಿಳಿಯದಿದ್ದರೆ ರಾತ್ರಿ ಊಟದ ಹೊತ್ತಿಗೆ ಅಪ್ಪನೇ ಬಿಡಿಸಿ ತೋರಿಸುತ್ತಾನೆ. ಅದನ್ನು ನಾವು 'ಸಂಸ್ಕಾರ' ಎನ್ನುತ್ತೇವೆ. ರೈಸ್‌ಮಿಲ್ಲಿನಲ್ಲಿ ದುಡಿಯುವವನ ಮಗಳು ಅದೇ ಬಿಡಿಸಿದ ಲೆಕ್ಕವನ್ನು ಝೆರಾಕ್ಸ್ ಅಂಗಡಿಯಿಂದ ಪುಟಕ್ಕಿಷ್ಟು ಎಂದು ಕೊಟ್ಟು ತಂದರೆ ಅದು 'ಕಳ್ಳಮಾಲು' ಆಗುತ್ತದೆ. ಈ ನ್ಯಾಯ ನಮಗೆ ಒಪ್ಪಿಗೆಯಾಗಲಿಲ್ಲ. ಮನೆಯಲ್ಲಿ ಉಸ್ತಾದ್ ಇಲ್ಲದವರಿಗೆ ಆ ಕಾಗದದ ಕಟ್ಟೇ ಉಸ್ತಾದ್.

ಹಾಗೆ ನೋಡಿದರೆ ನಾವೆಲ್ಲ ಅಕ್ಷರ ಕಲಿತದ್ದು ಹೇಗೆ? ಉರ್ದು ಶಾಲೆಯಲ್ಲಿ ಉಸ್ತಾದರು ತಖ್ತಿಯ ಮೇಲೆ ಸೀಸದ ಕಡ್ಡಿಯಿಂದ ತೆಳ್ಳಗೆ ಅಲಿಫ್, ಬೇ ಬರೆದುಕೊಡುತ್ತಿದ್ದರು. ಅದರ ಮೇಲೆ ಮಸಿಯಲ್ಲಿ ಅದ್ದಿದ ಕಲಮಿನಿಂದ ನಾವು ಎಳೆಯಬೇಕಿತ್ತು. ಕನ್ನಡ ಶಾಲೆಯಲ್ಲಿ ಮೇಷ್ಟ್ರು ಬರೆದ ಅಕ್ಷರದ ಮೇಲೆ ಬೆರಳಾಡಿಸಿ 'ತಿದ್ದು'ತ್ತಿದ್ದೆವು. ಕನ್ನಡದ ಈ 'ತಿದ್ದು' ಎಂಬ ಮಾತು ಎಷ್ಟು ಅರ್ಥವುಳ್ಳದ್ದು! ಬರೆದದ್ದರ ಮೇಲೆಯೇ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಆದರೆ ಒಂದು ವಿಷಯ ಮರೆಯಬಾರದು. ದಿನ ಕಳೆದಂತೆ ಉಸ್ತಾದರ ಸೀಸದ ಗೆರೆ ತೆಳುವಾಗುತ್ತಿತ್ತು. ಆಮೇಲೆ ಬರೀ ಚುಕ್ಕಿಗಳು. ಕೊನೆಗೊಂದು ದಿನ ಮುಲ್ತಾನಿ ಮಿಟ್ಟಿ ಬಳಿದು ಒಣಗಿಸಿದ ಖಾಲಿ ತಖ್ತಿ. ಅಂದು ಬರೆದದ್ದು ನಮ್ಮದು. ಅಲ್ಲಿಯವರೆಗೆ ಬರೆದದ್ದು ಕಳ್ಳತನವಾಗಿರಲಿಲ್ಲ, ಆದರೆ ಇನ್ನೂ ನಮ್ಮದಾಗಿರಲಿಲ್ಲ.

ಬಿಡಿಸಿದ ಲೆಕ್ಕದಿಂದ ಕಲಿಸುವುದು ಇಂದು ನಿನ್ನೆಯದಲ್ಲ. ಒಂಬತ್ತನೇ ಶತಮಾನದ ಆರಂಭದಲ್ಲಿ, ಖಲೀಫ ಮಾಮೂನರ ಕಾಲದ ಬಗ್ದಾದಿನಲ್ಲಿ, ಅಲ್ ಖ್ವಾರಿಝ್ಮಿ ಬೀಜಗಣಿತದ ಪುಸ್ತಕ ಬರೆದರು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತುಪಟ್ಟು ಸೇರಿಸಿದರೆ 39 ಆಗುತ್ತದೆ, ಆ ಸಂಖ್ಯೆ ಯಾವುದು? ಇದು ಅದರಲ್ಲಿನ ಹೆಸರಾಂತ ಲೆಕ್ಕ. ಉತ್ತರವನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾರೆ: ಹತ್ತರ ಅರ್ಧ 5, ಅದರ ವರ್ಗ 25, ಅದನ್ನು 39ಕ್ಕೆ ಸೇರಿಸಿದರೆ 64, ಅದರ ವರ್ಗಮೂಲ 8, ಅದರಿಂದ 5 ಕಳೆದರೆ 3. ಅಷ್ಟಕ್ಕೇ ಬಿಡದೆ, ಚೌಕದ ಚಿತ್ರ ಬರೆದು ಈ ಮೆಟ್ಟಿಲುಗಳು ಏಕೆ ಸರಿ ಎಂಬುದನ್ನೂ ವಿವರಿಸುತ್ತಾರೆ. ಅದೇ ಶತಮಾನದಲ್ಲಿ ನಮ್ಮ ಕಡೆ ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ನಮ್ಮ ಕೊಪ್ಪಳದ ಹೆಸರನ್ನು ತಿರುಳ್ಗನ್ನಡದ ನಾಡಿನೊಡನೆ ಸೇರಿಸಿ ಹೇಳುವ 'ಕವಿರಾಜಮಾರ್ಗ'ವೂ ಅದೇ ದೊರೆಯ ಕಾಲದ್ದು. ಮಹಾವೀರಾಚಾರ್ಯನ ಕ್ರಮ ಬೇರೆ. ಸೂತ್ರ ಹೇಳಿ, ಅದರ ಬೆನ್ನಿಗೇ ಉದಾಹರಣೆಯ ಲೆಕ್ಕ ಕೊಟ್ಟು, ಬಿಡಿಸುವ ಕೆಲಸವನ್ನು ಓದುವವನಿಗೆ ಬಿಡುತ್ತಾನೆ. ಒಬ್ಬರು ಕೈಹಿಡಿದು ನಡೆಸಿದರು, ಇನ್ನೊಬ್ಬರು ದಾರಿ ತೋರಿಸಿ ಬಿಟ್ಟರು. ಕಲಿಯುವವನಿಗೆ ಇಬ್ಬರೂ ಬೇಕು. ಮೊದಲು ಅವರು, ಆಮೇಲೆ ಇವರು.

ಇತ್ತೀಚಿನ ಸಂಶೋಧನೆಯೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. 1985ರಲ್ಲಿ ಆಸ್ಟ್ರೇಲಿಯಾದ ಸ್ವೆಲ್ಲರ್ ಮತ್ತು ಕೂಪರ್ ಬೀಜಗಣಿತ ಕಲಿಯುವ ಮಕ್ಕಳನ್ನು ಪರೀಕ್ಷಿಸಿ, ಹೊಸದಾಗಿ ಕಲಿಯುವವರಿಗೆ ತಾವೇ ತಡಕಾಡುವುದಕ್ಕಿಂತ ಬಿಡಿಸಿದ ಲೆಕ್ಕಗಳನ್ನು ಓದುವುದೇ ಹೆಚ್ಚು ಪ್ರಯೋಜನಕರ ಎಂದು ತೋರಿಸಿದರು. 1989ರಲ್ಲಿ ಮಿಶೆಲೀನ್ ಚೀ ಮತ್ತು ಅವರ ಸಂಗಡಿಗರು ಇನ್ನೊಂದು ಮಾತು ಸೇರಿಸಿದರು: ಒಂದೇ ಬಿಡಿಸಿದ ಲೆಕ್ಕವನ್ನು ಇಬ್ಬರು ಓದಿದರೂ, ಪ್ರತಿ ಹಂತದಲ್ಲಿ 'ಇದು ಯಾಕೆ ಹೀಗೆ?' ಎಂದು ತನಗೆ ತಾನೇ ವಿವರಿಸಿಕೊಂಡವನೇ ಚೆನ್ನಾಗಿ ಕಲಿಯುತ್ತಾನೆ.

ಈ 'ಯಾಕೆ' ಎಲ್ಲಿ ತಪ್ಪಿಹೋಗುತ್ತದೆ ಎಂಬುದನ್ನು ನಾವು ಅಕ್ಕನ ಮನೆಯಲ್ಲೇ ಕಂಡೆವು. ರಜೆಗೆ ಬಂದಿದ್ದ ಅಳಿಯ ತನ್ನ ಅಸೈನ್‌ಮೆಂಟ್ ಬರೆಯುತ್ತಿದ್ದ. ಶೇಕಡಾ 20 ತೇವವಿರುವ 1000 ಕೆ.ಜಿ. ಭತ್ತವನ್ನು ತೇವ ಶೇಕಡಾ 14 ಆಗುವವರೆಗೆ ಒಣಗಿಸಿದರೆ ಎಷ್ಟು ನೀರು ಹೋಗುತ್ತದೆ? ಅವನು ಬರೆದ ಉತ್ತರ 69.8 ಕೆ.ಜಿ. ಉತ್ತರ ಸರಿ. ಇಪ್ಪತ್ತರಲ್ಲಿ ಹದಿನಾಲ್ಕು ಹೋದರೆ ಆರು, ಸಾವಿರಕ್ಕೆ ಅರವತ್ತು ಆಗಬೇಕಲ್ಲ ಎಂದು ನಾವು ಕೇಳಿದೆವು. ಹುಡುಗ ತಡವರಿಸಿದ. ಪುಸ್ತಕದಲ್ಲಿ ಹೀಗೇ ಇದೆ ಎಂದ.

ಉತ್ತರ ಬಂದದ್ದು ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಭತ್ತ ಒಣಗಿಸುವುದರಲ್ಲೇ ಆಯುಷ್ಯ ಕಳೆದ ನಮ್ಮ ಭಾವನವರಿಂದ. "ಒಣಗಿದ ಮ್ಯಾಲ ಭತ್ತದ ತೂಕಾನೂ ಇಳದಿರ್ತೈತಲ್ಲೋ ಬೇಟಾ. ನಿಮ್ಮ ಹದಿನಾಲ್ಕು ಯಾವ ತೂಕದ ಮ್ಯಾಲ?" ಲೆಕ್ಕದ ಜೀವ ಇರುವುದು ಈ ಒಂದು ಮಾತಿನಲ್ಲಿ. ನೀರು ಹೋಗುತ್ತದೆ, ಕಾಳಿನ ಒಣ ಭಾಗ 800 ಕೆ.ಜಿ. ಹಾಗೇ ಉಳಿಯುತ್ತದೆ. ಒಣಗಿದ ಮೇಲೆ ಆ 800 ಕೆ.ಜಿ. ಒಟ್ಟು ತೂಕದ ಶೇಕಡಾ 86. ಅಂದರೆ ಒಟ್ಟು 930.2 ಕೆ.ಜಿ. ಹೋದದ್ದು 69.8. ಬಿಡಿಸಿದ ಲೆಕ್ಕದ ಮೊದಲ ಸಾಲಿನಲ್ಲೇ 'ಆಧಾರ: 1000 ಕೆ.ಜಿ., ಒಣ ಭಾಗ ಬದಲಾಗದು' ಎಂದು ಬರೆದಿತ್ತು. ಹುಡುಗ ಆ ಸಾಲನ್ನೂ ಅಂದವಾಗಿ ಇಳಿಸಿಕೊಂಡಿದ್ದ, ಓದಿರಲಿಲ್ಲ. ಇಂಗ್ಲಿಷ್ ಬಾರದ ತಂದೆಯ ಬಳಿ ಲೆಕ್ಕದ ಅರ್ಥವಿತ್ತು, ಮಗನ ಬಳಿ ಉತ್ತರವಿತ್ತು.

ಇಮಾಮ್ ಗಝಾಲಿಯವರ (ಮರಣ: 1111) ಬಾಳಿನಲ್ಲಿ ನಡೆಯಿತೆಂದು ಹೇಳುವ ಪ್ರಸಂಗವೊಂದಿದೆ. ಜುರ್ಜಾನಿನಲ್ಲಿ ವಿದ್ಯೆ ಕಲಿತು ಊರಿಗೆ ಮರಳುವಾಗ ದಾರಿಗಳ್ಳರು ಅವರದ್ದೆಲ್ಲವನ್ನೂ ದೋಚಿದರಂತೆ. ತಮ್ಮ ಟಿಪ್ಪಣಿಗಳ ಚೀಲವನ್ನಾದರೂ ಕೊಡಿ, ತಮ್ಮ ವಿದ್ಯೆಯೆಲ್ಲ ಅದರಲ್ಲಿದೆ ಎಂದು ಅವರು ಬೇಡಿಕೊಂಡರು. ಕಳ್ಳರ ನಾಯಕ ನಕ್ಕ. ಚೀಲ ಹೋದರೆ ಹೋಗುವ ವಿದ್ಯೆಯನ್ನು ನಿನ್ನದು ಎಂದು ಹೇಗೆ ಹೇಳಿಕೊಳ್ಳುತ್ತೀ ಎಂದು ಕೇಳಿ, ಚೀಲವನ್ನು ಹಿಂತಿರುಗಿಸಿದನಂತೆ. ಊರು ಸೇರಿದ ಮೇಲೆ ಇಮಾಮರು ಮೂರು ವರ್ಷ ಆ ಟಿಪ್ಪಣಿಗಳನ್ನೆಲ್ಲ ಮನನ ಮಾಡಿದರು ಎನ್ನುತ್ತಾರೆ. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಮುಂದೆ ತಮ್ಮ ಆತ್ಮಕಥನದಲ್ಲಿ, ಬರೀ ಅನುಕರಣೆಯಿಂದ ಬಂದ ನಂಬಿಕೆಗೂ ತಾನೇ ಪರೀಕ್ಷಿಸಿ ಪಡೆದ ಅರಿವಿಗೂ ಇರುವ ಅಂತರವನ್ನು ಅವರು ಆಳವಾಗಿ ಚರ್ಚಿಸಿದರು. ತಖ್ಲೀದ್ ಎಂಬ ಮಾತು ನಮ್ಮಲ್ಲಿ ಧಾರ್ಮಿಕ ಚರ್ಚೆಗಳಲ್ಲೇ ಹೆಚ್ಚು ಕೇಳಿಬರುತ್ತದೆ. ನೋಟ್ಸ್ ಪುಸ್ತಕದಲ್ಲೂ ಅದು ಇದೆ ಎಂಬುದನ್ನು ನಾವು ಗಮನಿಸುವುದಿಲ್ಲ. ತಿಳಿಯದವನು ತಿಳಿದವನ ಹೆಜ್ಜೆಯಲ್ಲಿ ನಡೆಯುವುದು ತಪ್ಪಲ್ಲ. ತಿಳಿಯದೆ ನಡೆದು ತಿಳಿದವನೆಂದು ಹೇಳಿಕೊಳ್ಳುವುದು ತಪ್ಪು.

ಹಾಗಾದರೆ ಆ ತಪ್ಪಿನಿಂದ ನಷ್ಟ ಯಾರಿಗೆ? 'ನಕಲು ಮಾಡಿದರೆ ನಿನಗೇ ನಷ್ಟ' ಎಂದು ಮಕ್ಕಳಿಗೆ ಹೇಳುವುದು ರೂಢಿ. ನಮಗೆ ಅದು ಅರ್ಧ ಸತ್ಯವಾಗಿ ಕಾಣುತ್ತದೆ. ನಕಲು ಮಾಡಿದವನು ಪಾಸಾಗುತ್ತಾನೆ, ನೌಕರಿಯೂ ಸಿಗಬಹುದು. ನಷ್ಟ ಪರೀಕ್ಷಾ ಕೊಠಡಿಯಲ್ಲಿ ಇಲ್ಲದ ಇನ್ನಾರದೋ ಪಾಲಿಗೆ ಹೋಗುತ್ತದೆ. ಖ್ವಾರಿಝ್ಮಿಯವರ ಪುಸ್ತಕದ ದೊಡ್ಡದೊಂದು ಭಾಗ ವಸಿಯ್ಯತ್ತು ಮತ್ತು ವಾರಸಿನ ಪಾಲು ಹಂಚಿಕೆಯ ಲೆಕ್ಕಗಳಿಗೇ ಮೀಸಲು. ಅಲ್ಲಿ ಲೆಕ್ಕ ತಪ್ಪಿದರೆ ಯತೀಮನೊಬ್ಬನ ಹಕ್ಕು ಇನ್ನೊಬ್ಬನ ಕೈಸೇರುತ್ತದೆ.

ನಮ್ಮ ಜಿಲ್ಲೆಯದೇ ಉದಾಹರಣೆ ನೋಡೋಣ. ಕುಷ್ಟಗಿ, ಯಲಬುರ್ಗಾ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳನ್ನು, ಕೀಲು ಹಿಡಿದ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಹತ್ತು ಕೊಳವೆಬಾವಿಗಳಿವೆ ಎಂದುಕೊಳ್ಳಿ. ಒಂಬತ್ತರಲ್ಲಿ 0.8, ಒಂದರಲ್ಲಿ ಮಾತ್ರ 4. ಸರಾಸರಿ ತೆಗೆದರೆ 1.12. ಸರಾಸರಿಯ ಸೂತ್ರವನ್ನಷ್ಟೇ ಕಲಿತವನು ಮಿತಿಯೊಳಗಿದೆ ಎಂದು ಬರೆದು ಸಹಿ ಹಾಕುತ್ತಾನೆ. ಹತ್ತನೇ ಬಾವಿಯ ನೀರು ಕುಡಿಯುವ ಓಣಿಯ ಮಕ್ಕಳು ಸರಾಸರಿ ನೀರು ಕುಡಿಯುವುದಿಲ್ಲ! ಫ್ಲೋರೈಡ್ ತೆಗೆಯಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನವಿದೆ, ಪಟಿಕ ಮತ್ತು ಸುಣ್ಣ ಬಳಸುವಂಥದ್ದು. ಎಷ್ಟು ಹಾಕಬೇಕೆಂಬುದು ಆ ನೀರಿನ ಫ್ಲೋರೈಡ್ ಮತ್ತು ಕ್ಷಾರತೆಯನ್ನು ಅವಲಂಬಿಸಿದೆ. ಒಂದು ಬಾವಿಗೆ ಬಿಡಿಸಿದ ಲೆಕ್ಕವನ್ನು ಇನ್ನೊಂದು ಬಾವಿಗೆ ಇಳಿಸಿಕೊಳ್ಳಲಾಗದು. ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರ, ಕೆಮಿಕಲ್ ಇಂಜಿನಿಯರಿಂಗ್ ಮೂರೂ ಒಂದು ಕೊಡ ನೀರಿನಲ್ಲಿ ಕೂಡಿಕೊಂಡಿವೆ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಗೈಡು ನೋಡುವವರನ್ನು ಗದರಿಸುವ ನಾವು, ಲ್ಯಾಬಿನಲ್ಲಿ ನಡೆಯುವುದನ್ನು ಕಂಡೂ ಕಾಣದಂತಿರುತ್ತೇವೆ. ಟೈಟ್ರೇಶನ್ ಮಾಡಿ ಬ್ಯೂರೆಟ್ಟಿನ ಅಂಕಿ ಬರೆದು ಉತ್ತರ ಕಂಡುಹಿಡಿಯಬೇಕು. ಬರಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ 'ರೀಡಿಂಗ್' ಬರೆದುಬಿಡುವುದುಂಟು. ಮೂರು ಸಲದ ಅಂಕಿಯೂ ತಾಳೆಯಾಗುವ ಅಂತಹ ರೆಕಾರ್ಡಿಗೆ ಪೂರ್ತಿ ಅಂಕ. ನಿಜವಾಗಿ ಮಾಡಿ, ಅಂಕಿ ಸ್ವಲ್ಪ ತಪ್ಪಿದವನಿಗೆ ಅಂಕ ಕಡಿಮೆ. ಬಿಡಿಸಿದ ಲೆಕ್ಕ ಓದಿದವನು ಯಾರಿಗೂ ಸುಳ್ಳು ಹೇಳಿಲ್ಲ. ಕಾಣದ ಅಂಕಿಯನ್ನು ಕಂಡೆನೆಂದು ಬರೆದವನು ಸುಳ್ಳು ಸಾಕ್ಷಿ ನುಡಿದಿದ್ದಾನೆ. ಆ ಸಾಕ್ಷಿಗೆ ಬಹುಮಾನ ಕೊಟ್ಟವರು ದೊಡ್ಡವರಾದ ನಾವು.

ಈಗಂತೂ ಝೆರಾಕ್ಸ್ ಅಂಗಡಿಯೂ ಬೇಕಿಲ್ಲ. ಲೆಕ್ಕದ ಫೋಟೋ ತೆಗೆದರೆ ಮೊಬೈಲೇ ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ, ಕೆಲವೊಮ್ಮೆ ತಪ್ಪನ್ನೂ ಅಷ್ಟೇ ಅಂದವಾಗಿ ಬರೆದುಕೊಡುತ್ತದೆ. ಯಲಬುರ್ಗಾದ ಹಳ್ಳಿಯ ಹುಡುಗಿಗೂ ರಾತ್ರಿ ಹನ್ನೊಂದಕ್ಕೆ ಉತ್ತರಿಸುವ ಉಸ್ತಾದ್ ಸಿಕ್ಕಿದ್ದು ಒಳ್ಳೆಯದೇ. ಆದರೆ ತಖ್ತಿಯ ಉಸ್ತಾದರಿಗೆ ಗೆರೆಯನ್ನು ಯಾವಾಗ ತೆಳುವಾಗಿಸಬೇಕೆಂದು ಗೊತ್ತಿತ್ತು. ಮೊಬೈಲು ಕೇಳಿದಷ್ಟು ಸಲವೂ ದಪ್ಪ ಗೆರೆಯನ್ನೇ ಎಳೆದುಕೊಡುತ್ತದೆ. ಗೆರೆ ಅಳಿಸುವ ಕೆಲಸ ಈಗ ಕಲಿಯುವವರ ನಿಯ್ಯತ್ತಿಗೇ ಬಿಟ್ಟದ್ದು.

ನಾವು ಅಕ್ಕನ ಮಗಳಿಗೆ ಹೇಳಿದ್ದು ಇಷ್ಟೇ: "ನೋಡು ಮಗಳೇ, ನೋಡೋದು ಕಳ್ಳತನ ಅಲ್ಲ. ಒಮ್ಮೆ ಪೂರ್ತಿ ಓದು, ಕಟ್ಟು ಮುಚ್ಚಿಡು, ಖಾಲಿ ಹಾಳೆಯಲ್ಲಿ ನೀನೇ ಮಾಡು. ಎಲ್ಲಿ ನಿಂತು ಹೋಗ್ತೀಯೋ ಅಲ್ಲಿ ಮಾತ್ರ ತೆರೆದು ನೋಡು. ನೋಡಿದ ಕಡೆ 'ಇಲ್ಲಿ ನೋಡಿದೆ' ಅಂತ ಬರಿ. ಮರುದಿನ ಅಂಕಿ ಬದಲಿಸಿ ಮತ್ತೆ ಮಾಡು. 'ಇಲ್ಲಿ ನೋಡಿದೆ' ಅನ್ನೋದು ಇಲ್ಲದ ಹಾಳೆ ಬಂದ ದಿನ ಆ ಲೆಕ್ಕ ನಿನ್ನದು. ಅದನ್ನ ಇನ್ನೊಬ್ಬಳಿಗೆ ತಿಳಿಸಿಕೊಟ್ಟರೆ, ಬಿಡಿಸಿಟ್ಟವರ ಋಣಾನೂ ತೀರ್ತದೆ."

ವಾರದ ನಂತರ ಅವಳು ತನ್ನ ಅಸೈನ್‌ಮೆಂಟಿನ ಪುಟವೊಂದನ್ನು ಮೊಬೈಲಿನಲ್ಲಿ ಕಳಿಸಿದಳು. ಹನ್ನೆರಡು ಹಂತದ ಲೆಕ್ಕ. ಮೂರು ಕಡೆ ಕೆಂಪು ಶಾಯಿಯಲ್ಲಿ 'ಇಲ್ಲಿ ನೋಡಿದೆ' ಎಂದಿತ್ತು. ನಮಗೆ ಖುಷಿಯಾಗುವಷ್ಟರಲ್ಲಿ ಅವಳ ಫೋನ್ ಬಂತು.

"ಮಾಮು, ಇದನ್ನ ಹಿಂಗೇ ಕಾಲೇಜಿಗೆ ಕೊಡ್ಲೇನು? ನೋಡಿದ್ದು ಬರದೀನಿ ಅಂತ ಮಾರ್ಕ್ಸ್ ಕಡಿಮಿ ಕೊಟ್ರ? ಪೂರ್ತಿ ನೋಡಿ ಬರದು, ಏನೂ ಹೇಳದೆ ಕೊಟ್ಟವರಿಗೆ ಪೂರ್ತಿ ಮಾರ್ಕ್ಸ್ ಬರ್ತಾವಲ್ಲ?"

ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವಲ್ಲ. ಇದನ್ನು ಓದುತ್ತಿರುವ ಮೇಷ್ಟ್ರುಗಳು.