ಸಭಾಪರ್ವದ ಬಾಕಿ

ಬಾಕಿ ಇಟ್ಟುಕೊಳ್ಳುವವರಲ್ಲೂ ಹಲವು ತರ. ‘ಫಾಲ್ಯಾ ದಿತಾಂ’ ಎಂದು ಕೊಂಕಣಿಯಲ್ಲಿ ನಗುನಗುತ್ತ ನಾಳೆಗೆ ತಳ್ಳುವವರಿದ್ದಾರೆ. ಚಹಾ ಕೊಟ್ಟು, ಶಿರಾ ಕೊಟ್ಟು, ದುಡ್ಡಿನ ಮಾತೇ ಬರದಂತೆ ನೋಡಿಕೊಳ್ಳುವವರಿದ್ದಾರೆ. ಗೋವೆಯಲ್ಲೋ ಮುಂಬೈಯಲ್ಲೋ ಕುಳಿತು, ಕೆಲಸ ಮುಗಿದ ಮೇಲೆ ಫೋಟೋ ಕಳಿಸು ಎನ್ನುವವರು, ಫೋಟೋಕ್ಕೆ ನೀಲಿ ಗುರುತು ಬಿದ್ದ ಮೇಲೆ ಫೋನೇ ಎತ್ತುವುದಿಲ್ಲ. ಮೇ ತಿಂಗಳಲ್ಲಿ ಬಾಕಿ ಕೇಳಿದಾಗ, “ಅಂಕೋಲೆಯಿಂದ ಬರುವಾಗ ಒಂದು ಡಜನ್ ಕರಿ ಇಷಾಡ ತಗಂಡು ಬಾ, ಎಲ್ಲ ಸೇರಿಸೇ ಕೊಡ್ತೆ” ಎಂದ ಅಮ್ಮನೊಬ್ಬರೂ ಇದ್ದಾರೆ. ಮಾವು ಒಯ್ದು ಕೊಟ್ಟೆ. ಅದರ ದುಡ್ಡೂ ಬಾಕಿಗೇ ಸೇರಿತು.

ನಾನು ಯಾರ ಕೈಕೆಳಗಿನವಳೂ ಅಲ್ಲ. ಬೆಳಿಗ್ಗೆ ಅಂಕೋಲೆಯಲ್ಲಿ ಬಸ್ಸು ಹತ್ತಿ, ಅವರ್ಸಾ, ಅಮದಳ್ಳಿ, ಬಿಣಗಾ ದಾಟಿ ಕಾರವಾರದಲ್ಲಿ ಇಳಿಯುತ್ತೇನೆ. ಕೆಲವು ಫ್ಲ್ಯಾಟು, ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಮಳೆಗಾಲ ಮುಗಿದ ಮೇಲೆ ಬೀಗ ತೆಗೆಯುವ ಮನೆಗಳು. ಈ ಕರಾವಳಿಯಲ್ಲಿ ನಾಲ್ಕು ತಿಂಗಳು ಮುಚ್ಚಿದ ಮನೆಯೆಂದರೆ ಗೋಡೆಗೆ ಬೂಷ್ಟು, ಕಪಾಟಿಗೆ ಬೂಷ್ಟು, ಬಿಟ್ಟುಹೋದ ಚಪ್ಪಲಿಗೂ ಬೂಷ್ಟು. ಕಿಟಕಿಯ ಸರಳಿಗೆ ಉಪ್ಪುಗಾಳಿಯ ತುಕ್ಕು. ಫಿನಾಯಿಲು, ಬ್ಲೀಚಿಂಗ್ ಪೌಡರು, ಬ್ರಶ್ಶು ಎಲ್ಲ ನನ್ನ ದುಡ್ಡಿನದೇ. ಹಾಗಾಗಿ ಅವರು ತಡಮಾಡಿದಷ್ಟು ದಿನ ಅವರ ಮನೆ ನನ್ನ ಸಾಲದಲ್ಲಿ ಹೊಳೆಯುತ್ತಿರುತ್ತದೆ.

ಇವರನ್ನೆಲ್ಲ ನಾನು ಹೇಗೋ ಸಂಭಾಳಿಸುತ್ತೇನೆ. ಸಂಭಾಳಿಸಲು ಆಗದೆ ಹೋದದ್ದು ಕೋಡಿಬಾಗ ಕಡೆಯ ಒಬ್ಬ ನಿವೃತ್ತ ಅಧಿಕಾರಿಯನ್ನು. ದೇವರ ಕೋಣೆಯಲ್ಲಿ ಹಿತ್ತಾಳೆಯ ಗೀತೋಪದೇಶದ ರಥ ಇಟ್ಟಿದ್ದಾರೆ. ಅದರ ಗಾಲಿ, ಕುದುರೆಗಳ ಕಿವಿ, ಅರ್ಜುನನ ಬಿಲ್ಲು ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕುವವಳು ನಾನು. ಆರು ಸಾವಿರ ರೂಪಾಯಿ ಬಾಕಿಯಿತ್ತು, ನಮ್ಮೂರ ಬಂಡಿಹಬ್ಬ ಹತ್ತಿರ ಬಂದಿತ್ತು. ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, “ನೋಡು, ಮಾಡೋದಷ್ಟೇ ನಮ್ಮ ಕೈಲಿರೋದು. ಫಲದ ಚಿಂತೆ ಬಿಟ್ಟು ಮಾಡಿದ್ರೆ ಕೆಲಸವೇ ಪೂಜೆ” ಎಂದರು. ತಮಾಷೆಗೆ ಅಂದದ್ದಲ್ಲ, ನಂಬಿಯೇ ಹೇಳಿದ್ದರು. ಸುಳ್ಳು ಹೇಳಿ ಮುಂದೂಡುವವರ ಹತ್ತಿರ ಹೇಗೆ ಮಾತಾಡಬೇಕೆಂದು ನನಗೆ ಗೊತ್ತು. ನಂಬಿಕೆಯಿಂದ ಮುಂದೂಡುವವರಿಗೆ ಏನು ಹೇಳುವುದು?

ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಫಲದಾಸೆ ಬಿಡಬೇಕೆಂಬುದು ನಿಜವಾದರೆ, ಸಂಬಳ ಕೇಳುವುದೂ ಆಸೆಯೇ? ನಾನು ದೇವರನ್ನು ನಂಬುವವಳು. ಇದನ್ನು ಸುಮ್ಮನೆ ತಳ್ಳಿಹಾಕಲಾರೆ. ಆದರೆ ರಥ ತಿಕ್ಕುವವಳಿಗೆ ಆ ರಥದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಲಗಾಮು ಹಿಡಿದು ಕೆಲಸ ಮಾಡುತ್ತಿದ್ದವನು ಕೃಷ್ಣ. ಹೇಳಿದವನು ಅವನು, ಕೇಳಿಸಿಕೊಂಡವನು ಹಿಂದೆ ಕೂತಿದ್ದ ರಾಜಕುಮಾರ. ಅರ್ಜುನ ಆ ಮಾತನ್ನು ತಿರುಗಿಸಿ ಸಾರಥಿಗೆ ಹೇಳಲಿಲ್ಲ.

ಇನ್ನೊಂದು ಮಾತು ಅಪ್ಪನಿಂದ ಬಂದದ್ದು. ಅಪ್ಪನಿಗೆ ತಾಳಮದ್ದಲೆಯ ಹುಚ್ಚು, ಭಾರತದ ಕತೆಯೆಲ್ಲ ಬಾಯಲ್ಲೇ ಇತ್ತು. ಸಭಾಪರ್ವದಲ್ಲಿ, ಮಯ ಕಟ್ಟಿದ ಸಭೆಗೆ ನಾರದ ಬರುತ್ತಾನೆ. ಬಂದವನು ಧರ್ಮರಾಯನನ್ನು ಹೊಗಳುವುದಿಲ್ಲ, ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾನೆ. ಅದರಲ್ಲಿ ಒಂದು: ಸೈನಿಕರ ಊಟ, ಸಂಬಳ ಎರಡನ್ನೂ ಎಳೆದಾಡದೆ ಹೊತ್ತಿಗೆ ಸರಿಯಾಗಿ ಕೊಡುತ್ತೀಯಷ್ಟೆ? ತಡವಾದರೆ ದುಡಿಯುವವರು ಸಿಟ್ಟಾಗುತ್ತಾರೆ, ಅದು ದೊಡ್ಡ ಅನರ್ಥ ಎಂಬ ಕಾರಣವನ್ನೂ ಕೊಡುತ್ತಾನೆ. ಗೀತೆ ಬರುವುದು ಭೀಷ್ಮಪರ್ವದಲ್ಲಿ, ಎಷ್ಟೋ ಆಮೇಲೆ. ಮೊದಲು ಬಟವಾಡೆ, ನಂತರ ವೈರಾಗ್ಯ.

ಮುಂದಿನ ಸಲ ಇದನ್ನು ಆ ಅಧಿಕಾರಿ ಸಾಹೇಬರಿಗೆ ಹೇಳಿದೆ. “ಇದೆಲ್ಲ ನಿಂಗೆ ಯಾರು ಹೇಳಿದ್ದು?” ಎಂದು ಬೆರಗಾದರು. ಆಮೇಲೆ ನಕ್ಕು, “ಕೊಡದೇ ಇರೋದಕ್ಕೇ ಹೆಸರಾದ ಊರಿನವಳು ನೀನು, ನಂಗೆ ಹೇಳ್ತೀಯಲ್ಲ” ಎಂದರು.

ಅದೂ ಖರೆಯೇ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಅದರ ಬೆನ್ನಿಗೆ ನಮ್ಮ ತಾಲೂಕಿನ ರೈತರು ಸರಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ಕೂತರು. ಕೊಡದೆ ಇರುವುದೂ ಧರ್ಮವಾಗಬಹುದು ಎಂದು ನಮ್ಮೂರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅವರು ಕೊಡಲಿಲ್ಲವೆಂದು ಜಪ್ತಿಯಾದದ್ದು ಅವರದೇ ಗದ್ದೆ, ಹರಾಜಾದದ್ದು ಅವರದೇ ದನಕರು, ಜೈಲಿಗೆ ಹೋದವರು ಅವರೇ. ಕೊಡುವುದಿಲ್ಲ ಎಂದು ಬಹಿರಂಗವಾಗಿ, ತಮಗಿಂತ ಬಲವಾದವರಿಗೆ ಹೇಳಿದರು. ಸಾಹೇಬರ ನಿರಾಕರಣೆಯಲ್ಲಿ ಗದ್ದೆ ಹೋಗುವುದು ಯಾರದು? ಇಷ್ಟನ್ನು ಅವರ ಎದುರು ಅನ್ನಲಿಲ್ಲ. ಹೊಟ್ಟೆಪಾಡಿನವರು ವಾದದಲ್ಲಿ ಒಂದು ಸಲ ಗೆಲ್ಲಬಹುದು, ಎರಡು ಸಲ ಗೆದ್ದರೆ ಮನೆ ತಪ್ಪುತ್ತದೆ.

ದುಡ್ಡು ಬಂತು, ಆದರೆ ಬಸ್ಸಿನ ಖರ್ಚು ಕಳೆದು. 2023ರ ಜೂನ್‌ನಿಂದ ಸರಕಾರಿ ಬಸ್ಸು ಹೆಂಗಸರಿಗೆ ಬಿಟ್ಟಿಯಲ್ಲವೇ, ಮತ್ತೆ ಅದನ್ನು ನಾವ್ಯಾಕೆ ಕೊಡಬೇಕು ಎಂದರು ಅವರ ಮನೆಯವರು. ಸರಕಾರ ನನಗೆ ಕೊಟ್ಟದ್ದು ಹೀಗೆ ಅವರ ಡಬ್ಬಿಗೆ ಹೋಯಿತು.

ನನಗೆ ನಿಜವಾಗಿ ದಾರಿ ತೋರಿದವಳು ಹನ್ನೆರಡನೇ ಶತಮಾನದ ಸತ್ಯಕ್ಕ. ಶಿಕಾರಿಪುರದ ಕಡೆಯವಳು ಎನ್ನುತ್ತಾರೆ. ಶರಣರ ಅಂಗಳ ಗುಡಿಸುವುದು ಅವಳ ಕಾಯಕ, ನನ್ನ ಕಸುಬಿನವಳೇ. ದಾರಿಯಲ್ಲಿ ಚಿನ್ನ ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಕೈಯಿಂದ ಮುಟ್ಟೆನೆಂದು ಆಣೆಯಿಟ್ಟು ವಚನ ಹೇಳಿದವಳು. ಈ ಆಣೆ ಎಷ್ಟು ಭಾರವೆಂದು ಗುಡಿಸುವವರಿಗೇ ಗೊತ್ತು. ಮುಚ್ಚಿದ ಮನೆಯೊಂದರಲ್ಲಿ, ಮಂಚದ ಕಾಲಿನ ಹಿಂದೆ, ಧೂಳಿನಲ್ಲಿ ಸುತ್ತಿಕೊಂಡ ಬಂಗಾರದ ಸರ ನನ್ನ ಪೊರಕೆಗೆ ಸಿಕ್ಕಿತ್ತು. ಆ ಮನೆಯವರು ಹಿಂದಿನ ವರ್ಷದ ದುಡ್ಡೇ ಕೊಟ್ಟಿರಲಿಲ್ಲ, ಬೀಗದ ಕೈ ನನ್ನ ಸೆರಗಿನಲ್ಲಿತ್ತು. ಅಡವು ಅಂತ ಇಟ್ಟುಕೊಂಡರೆ ಕಳವೇ? ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ಕೂತೆ. ಮತ್ತೆ ಫೋಟೋ ಕಳಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈ ಸಲ ಮಾತ್ರ ಫೋನು ತಕ್ಷಣ ಬಂತು.

ಆವತ್ತು ನನಗೆ ತೋಚಿದ್ದು, ಸತ್ಯಕ್ಕನ ಆಣೆ ಗುಡಿಸುವವಳಿಗೆ ಮಾತ್ರ ಸಲ್ಲುವುದಲ್ಲ ಎಂದು. ನೆಲ ಒರೆಸಿ ಬಕೆಟ್ಟು ಕವುಚಿಟ್ಟ ಹೊತ್ತಿನಿಂದ ಅವರ ಕಿಸೆಯಲ್ಲಿರುವ ನನ್ನ ಕೂಲಿ ಅವರದಲ್ಲ, ಅವರ ದಾರಿಯಲ್ಲಿ ಬಿದ್ದಿರುವ ಪರರ ಚಿನ್ನ. ಅದನ್ನು ನಾನು ಆಸೆಪಡುತ್ತಿಲ್ಲ, ಅವರು ಮುಟ್ಟುತ್ತಿದ್ದಾರೆ. ಹಲ್ಲಿನ ಡಾಕ್ಟರು ಮುಸಲ್ಮಾನರು. ಕೂಲಿಯವರ ಬೆವರು ಆರುವುದರೊಳಗೆ ಕೊಡಬೇಕೆಂದು ಅವರ ಪ್ರವಾದಿಯ ಅಪ್ಪಣೆಯಂತೆ, ಆ ಕ್ಲಿನಿಕ್ಕಿನಲ್ಲಿ ನೆಲ ಆರುವ ಮೊದಲೇ ಸಿಗುತ್ತದೆ. ಮೋಶೆಯ ಕಟ್ಟಳೆಯಲ್ಲೂ ಆಳಿನ ಕೂಲಿ ರಾತ್ರಿಯಿಡೀ ಯಜಮಾನನ ಬಳಿ ಉಳಿಯಬಾರದು ಎಂದಿದೆಯೆಂದು ನನ್ನ ಜೊತೆ ಬಸ್ಸಿಗೆ ಬರುವ ಕ್ರಿಶ್ಚಿಯನ್ ಗೆಳತಿ ಹೇಳುತ್ತಾಳೆ. ಕೊಡುವವನ ಮನಸ್ಸು ಎಲ್ಲ ಧರ್ಮದವರಿಗೂ ಗೊತ್ತಿತ್ತು ಅಂತಾಯಿತು.

ಹಾಗಾದರೆ ಫಲ ಬಿಡುವುದೆಂಬುದೇ ಇಲ್ಲವೇ? ಇದೆ. ಬೈತಖೋಲ ಕಡೆಗೆ ಒಬ್ಬ ಅಜ್ಜಿ ಇದ್ದಾಳೆ. ಮಗ ದುಬೈಯಲ್ಲಿ, ಅವನ ದುಡ್ಡು ನಿಂತುಹೋಗಿ ಅಜ್ಜಿ ನನಗೆ ಕೊಡುವುದೂ ನಿಂತಿತು. ಅವಳು ನಾಳೆ ಎನ್ನಲಿಲ್ಲ, ಗೀತೆಯನ್ನೂ ಹೇಳಲಿಲ್ಲ. ಬಚ್ಚಲ ತಾಮ್ರದ ಹಂಡೆ ತೋರಿಸಿ, “ಇದನ್ನು ಒಯ್ದುಬಿಡೇ ತಂಗಿ” ಎಂದಳು. ಹಂಡೆಯನ್ನೂ ಬಿಟ್ಟೆ, ಬಾಕಿಯನ್ನೂ ಬಿಟ್ಟೆ. ಬಿಡಬಹುದಾಗಿದ್ದದ್ದು ಅದು ನನ್ನದಾಗಿದ್ದರಿಂದ. ಅವಳೇ ಹಾಗೆಂದು ಒಪ್ಪಿಕೊಂಡಿದ್ದಳು. ಸಾಹೇಬರು ಬಿಡು ಎಂದದ್ದು ಅವರೇ ಹಿಡಿದುಕೊಂಡಿದ್ದನ್ನು.

ಅಜ್ಜಿಯ ಮನೆಯಲ್ಲಿ ನಾನು ಪೂರಾ ನಿಷ್ಕಾಮಳಾಗಿದ್ದೆ ಎಂದು ಪ್ರಮಾಣ ಮಾಡಲಾರೆ. ನಾಲ್ಕು ಜನರ ಹತ್ತಿರ ಒಳ್ಳೆಯ ಮಾತು ಆಡಿಯಾಳು ಎಂದು ಒಳಗೆಲ್ಲೋ ಇತ್ತು. ಆಡಿದಳು ಕೂಡ. ಅವಳ ಮಾತಿನಿಂದಲೇ ಹೊಸದಾಗಿ ಎರಡು ಮನೆ ಸಿಕ್ಕವು. ಒಂದು ಮನೆಯವರು ತಿಂಗಳ ಮೊದಲ ದಿನವೇ ಕೊಡುತ್ತಾರೆ. ಇನ್ನೊಂದು ಮನೆಯ ಬಾಕಿ ಆಗಲೇ ಎರಡು ತಿಂಗಳಿಗೆ ಬಂದಿದೆ.